ನರಗುಂದ: ಗುಡ್ಡದ ಕೆಳಗಿನ ಚರಿತ್ರೆ

ನರಗುಂದದ ಚರಿತ್ರೆ ಬರೆಯಲು ಕೂತವರೆಲ್ಲ ಮೊದಲು ಗುಡ್ಡ ಹತ್ತುತ್ತಾರೆ. ಮೇಲೆ ಕೋಟೆ, ಕೋಟೆಯ ಜೊತೆಗೆ ಅರಸ ಬಾಬಾಸಾಹೇಬ. ದತ್ತಕಕ್ಕೆ ಒಪ್ಪದ ಇಂಗ್ಲಿಷರ ಮೇಲೆ ತಿರುಗಿಬಿದ್ದ ಆತ 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಕೊಂದು, ರುಂಡವನ್ನು ಊರ ಅಗಸಿಗೆ ತೂಗುಹಾಕಿಸಿದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಧಾರವಾಡ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ಗದಗಕ್ಕೆ ಸೇರಿತು ಎಂದೊಂದು ಸಾಲು ಸೇರಿಸಿದರೆ ಅವರ ಕೆಲಸ ಮುಗಿಯಿತು. ಹೆದ್ದಾರಿ ಬದಿಯಲ್ಲಿರುವ, 1980ರ ಗೋಲಿಬಾರಿನ ನೆನಪಿನ ರೈತ ವೀರಗಲ್ಲಿಗೆ ಜಾಗ ಉಳಿದಿರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ಎರೆ ಹೊಲಗಳಿಗೆ ಕಾಲುವೆ ಬಂತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮಾತ್ರ ಬರಲಿಲ್ಲ. ನೀರು ಸಿಕ್ಕವರು ವರಲಕ್ಷ್ಮಿ ಹತ್ತಿ ಹಾಕಿದರು, ಅದರ ಬೆಲೆ ಬಿತ್ತು. ಆ ಹೊತ್ತಿಗೇ ಬೆಟರ್‌ಮೆಂಟ್ ಲೆವಿಯ ನೋಟೀಸು. ನೀರಾವರಿಯಿಂದ ಭೂಮಿಯ ಬೆಲೆ ಏರಿದೆ, ಅದರಲ್ಲಿ ಸರಕಾರಕ್ಕೂ ಪಾಲು ಕೊಡಿ ಎಂಬ ಲೆಕ್ಕ ಅದು. ಹನಿ ನೀರು ಕಾಣದ ಹೊಲಕ್ಕೂ ಅದೇ ಲೆಕ್ಕ.

1980ರ ಜುಲೈ 21. ರೈತರ ಬಂದ್. ತಹಸೀಲ್ದಾರ್ ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದ್ದವರನ್ನು ಅಧಿಕಾರಿ ದಾಟಿ ಹೋದರೆಂದು ಕೆಲವರು, ತುಳಿದೇ ಹೋದರೆಂದು ಹಲವರು. ಅಲ್ಲಿಂದ ಮುಂದಿನದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಗೋಲಿಬಾರಿನಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ತರು. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ. ರೊಚ್ಚಿಗೆದ್ದ ಜನರ ಕೈಗೆ ಸಿಕ್ಕ ಪೊಲೀಸರೂ ನರಗುಂದದಲ್ಲಿ ಪ್ರಾಣ ಬಿಟ್ಟರು. ವರ್ಷಕ್ಕೊಮ್ಮೆ ವೀರಗಲ್ಲಿಗೆ ಹಾರ ಹಿಡಿದು ಬರುವ ಎಲ್ಲ ಪಕ್ಷದ ಮುಖಂಡರೂ ಆ ಪೊಲೀಸರ ಮಾತೆತ್ತುವುದು ಅಪರೂಪ. ಊರ ಚರಿತ್ರೆಯಲ್ಲಿ ಅವರಿಗೂ ಒಂದು ಸಾಲು ಬೇಕೆಂದೇ ನನ್ನ ಅಭಿಪ್ರಾಯ, ಸಿಟ್ಟಾಗುವವರು ಸಿಟ್ಟಾಗಲಿ.

ಆ ಕಿಚ್ಚಿನಲ್ಲೇ ರಾಜ್ಯ ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ಮುಖ್ಯಮಂತ್ರಿ ಗುಂಡೂರಾಯರ ಸರಕಾರ ಹೋಯಿತು. ಅದನ್ನೆಲ್ಲ ಬರೆದವರು ಬೇಕಾದಷ್ಟಿದ್ದಾರೆ. ಬರೆಯದೆ ಬಿಟ್ಟದ್ದು ಪೇಟೆಯ ಸಂಗತಿ. ಇಲ್ಲಿ ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಗಳ ಉದ್ರಿ ತೀರುವುದು ಸುಗ್ಗಿಯಾದ ಮೇಲೆ. ಕಣದಲ್ಲಿ ರಾಶಿ ಇಲ್ಲದಿದ್ದರೆ ಸಾಹುಕಾರನ ಗಲ್ಲಾವೂ ಖಾಲಿ. ಹೊಲದವರ ಸಂಕಟವನ್ನು ಪೇಟೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಉದ್ರಿ ಪುಸ್ತಕ ತೆಗೆದರೆ ಸಾಕು.

ದೂರದ ನಗರಕ್ಕೆ ಅಂಥ ಪುಸ್ತಕ ಇಲ್ಲ. 2015ರಲ್ಲಿ ಮಹದಾಯಿ ನದಿಯ ನೀರಿಗಾಗಿ ನರಗುಂದದಲ್ಲಿ ಧರಣಿಯ ಪೆಂಡಾಲು ಎದ್ದಿತು, ವರ್ಷಗಟ್ಟಲೆ ನಿಂತಿತು. ಆ ನೀರನ್ನು ತಿರುಗಿಸುವ ಕಳಸಾ-ಬಂಡೂರಿ ಕಾಗದದ ಮೇಲೆ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಕೊಡುವ ಯೋಜನೆ. ಧರಣಿ ಕೂತವರು ಹೆಚ್ಚಾಗಿ ಒಕ್ಕಲು ಮಕ್ಕಳು. ನಳದ ನೀರು ಹಿಡಿಯಬೇಕಾದವರಲ್ಲಿ ಎಷ್ಟು ಮಂದಿ ಬಂದು ಆ ಜಮಖಾನದ ಮೇಲೆ ಕೂತರು ಎಂದು ಇಲ್ಲಿಯ ಹಿರಿಯರು ಈಗಲೂ ಕೇಳುತ್ತಾರೆ.