ವೈಕಿಂಗರ ಹಡಗು, ಕಂಪ್ಲಿಯ ಕೋಟೆ

ಡೆತ್ ಮೆಟಲ್ ಕೇಳುವವರ ನಡುವೆ ಒಂದು ಹಳೇ ಜಗಳ ಇದೆ. ಸ್ವೀಡನ್ನಿನ ಅಮೋನ್ ಅಮಾರ್ಥ್ ಹೊಸ ಆಲ್ಬಮ್ ಬಿಟ್ಟಾಗಲೆಲ್ಲ ಅದು ಮತ್ತೆ ಶುರುವಾಗುತ್ತೆ. ಒಬ್ಬ ಹೇಳ್ತಾನೆ: "ಅದೇ ಹಡಗು, ಅದೇ ಕೊಡಲಿ, ಅದೇ ಓಡಿನ್. ಒಂದೇ ಆಲ್ಬಮ್ಮನ್ನ ಹನ್ನೆರಡು ಸಲ ಮಾಡಿದಾರೆ." ಇನ್ನೊಬ್ಬ: "ಇರಲಿ ಬಿಡು ಗುರೂ, ಆ ರಿಫ್ ಬಂದಾಗ ಕತ್ತು ತಾನಾಗೇ ಅಲ್ಲಾಡುತ್ತಲ್ಲ, ಸಾಕು." ಮೂರನೆಯವನೊಬ್ಬ ಇರ್ತಾನೆ, ಅವನಿಗೆ ಸಂಗೀತಕ್ಕಿಂತ ಬೇರೆಯದೇ ಚಿಂತೆ: "ಇದರಲ್ಲಿ ಇತಿಹಾಸ ಎಷ್ಟು, ಬುರುಡೆ ಎಷ್ಟು?"

ಈ ಮೂರೂ ಮಾತು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹಡಗಲಿ ಕಡೆಯವರಿಗೆ ಹೊಸದೇನಲ್ಲ. ಯುದ್ಧದ ಕಥೆಯನ್ನು ಗಂಟಲು ಹರಿಯುವಂತೆ ಹೇಳುವುದು, ಅದನ್ನು ಕೇಳಿದವರು ಚಹಾದಂಗಡಿಯಲ್ಲಿ ಕೂತು ವಾದ ಮಾಡುವುದು ನಮ್ಮ ಬಯಲುಸೀಮೆಯಲ್ಲಿ ಬಹಳ ಕಾಲದಿಂದ ನಡೆದಿದೆ. ಆದ್ದರಿಂದ ವೈಕಿಂಗರನ್ನೂ ನಮ್ಮವರನ್ನೂ ಅಕ್ಕಪಕ್ಕ ಕೂರಿಸಿ ನೋಡೋಣ.

ಮೊದಲು ಮೂರನೆಯವನ ಪ್ರಶ್ನೆ. ಅಮೋನ್ ಅಮಾರ್ಥ್ ತಂಡದ ಹನ್ನೆರಡನೇ ಆಲ್ಬಮ್ 'ದಿ ಗ್ರೇಟ್ ಹೀದನ್ ಆರ್ಮಿ' 2022ರಲ್ಲಿ ಬಂತು. ಹೆಸರು ಕಲ್ಪನೆಯದ್ದಲ್ಲ. 865ರಲ್ಲಿ ಇಂಗ್ಲೆಂಡಿಗೆ ಬಂದಿಳಿದ ಡೇನರ ದಂಡನ್ನು ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಕರೆದ ಹೆಸರೇ ಅದು, ಅನ್ಯಧರ್ಮೀಯರ ದೊಡ್ಡ ದಂಡು ಅಂತ. ಗಮನಿಸಿ, ಇಟ್ಟವರು ಏಟು ತಿಂದವರು. ಬೈಗುಳವಾಗಿದ್ದ ಹೆಸರು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಟೀಶರ್ಟ್ ಮೇಲಿನ ಹೆಮ್ಮೆಯಾಯಿತು. ಇದೇ ಆಲ್ಬಮ್ಮಿನ ಒಂದು ಹಾಡಿನಲ್ಲಿ ಸ್ಯಾಕ್ಸನರ ಪಕ್ಷ ವಹಿಸಿ ಹಾಡಲು 'ಸ್ಯಾಕ್ಸನ್' ಅನ್ನೋ ಇಂಗ್ಲಿಷ್ ತಂಡದ ಬಿಫ್ ಬೈಫರ್ಡ್‌ನನ್ನೇ ಕರೆಸಿದ್ದಾರೆ. ಪಾರಿಜಾತದಲ್ಲಿ ಇಬ್ಬರೂ ಹೆಂಡಿರಿಗೆ ಮಾತು ಕೊಟ್ಟ ಹಾಗೆ!

ಆ ದಂಡು ನಿಜವಾಗಿ ಹೇಗಿತ್ತು? 872-73ರ ಚಳಿಗಾಲದಲ್ಲಿ ಅದು ಲಿಂಕನ್‌ಶೈರ್‌ನ ಟಾರ್ಕ್ಸೀ ಎಂಬಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಹೊಲಗಳಲ್ಲಿ ಸಿಕ್ಕಿದ್ದು ಕತ್ತಿಗಳಿಗಿಂತ ಹೆಚ್ಚಾಗಿ ತೂಕದ ಸೀಸದ ಬಟ್ಟುಗಳು, ತುಂಡು ಮಾಡಿದ ಬೆಳ್ಳಿ, ನೂರಕ್ಕೂ ಹೆಚ್ಚು ಅರಬ್ ದಿರ್ಹಮ್ ಚೂರುಗಳು, ನೂಲು ತೆಗೆಯುವ ಕದಿರಿನ ಬಿಲ್ಲೆಗಳು, ಆಟದ ಕಾಯಿಗಳು. ಅಂದರೆ ಅದು ದಂಡೂ ಹೌದು, ಸಂತೆಯೂ ಹೌದು. ಮರುವರ್ಷದ ಬೀಡು ರೆಪ್ಟನ್‌ನಲ್ಲಿ. ಅಲ್ಲಿ ಅಗೆದಾಗ ಸಿಕ್ಕ ಸಾಮೂಹಿಕ ಸಮಾಧಿಯಲ್ಲಿ ಕನಿಷ್ಠ 264 ಜನರ ಎಲುಬುಗಳಿದ್ದವು, ಅವರಲ್ಲಿ ಹೆಂಗಸರೂ ಇದ್ದರು. 876ಕ್ಕೆ ಬಂದರೆ ಕ್ರಾನಿಕಲ್ ಇನ್ನೊಂದು ಸಂಗತಿ ಹೇಳುತ್ತದೆ: ಹಾಲ್ಫ್‌ಡಾನ್ ನಾರ್ತಂಬ್ರಿಯಾದ ನೆಲವನ್ನು ತನ್ನವರಿಗೆ ಹಂಚಿದ, ಅವರು ಉಳುಮೆ ಶುರು ಮಾಡಿದರು. ಹನ್ನೊಂದೇ ವರ್ಷದಲ್ಲಿ ದಂಡಿನವರು ರೈತರಾದರು. ನೇಗಿಲು ಹಿಡಿದ ವೈಕಿಂಗನ ಮೇಲೆ ಡೆತ್ ಮೆಟಲ್ ಹಾಡು ಯಾರು ಕೇಳ್ತಾರೆ ಹೇಳಿ?

ಕೊಂಬಿನ ಶಿರಸ್ತ್ರಾಣದ ಕಥೆಯೂ ಇಂಥದ್ದೇ. ವೈಕಿಂಗ್ ಕಾಲದ ಯಾವ ಶಿರಸ್ತ್ರಾಣಕ್ಕೂ ಕೊಂಬಿರಲಿಲ್ಲ. 1943ರಲ್ಲಿ ನಾರ್ವೆಯ ಯರ್ಮುಂಡ್‌ಬು ಎಂಬಲ್ಲಿ ಸಿಕ್ಕಿದ್ದು ಬೋಳು ಕಬ್ಬಿಣದ ಟೋಪಿ. ಕೊಂಬನ್ನು ಜನಪ್ರಿಯ ಮಾಡಿದ್ದು 1876ರಲ್ಲಿ ವಾಗ್ನರ್‌ನ ಒಪೆರಾಕ್ಕೆ ವೇಷಭೂಷಣ ಮಾಡಿದ ಕಾರ್ಲ್ ಎಮಿಲ್ ಡೆಪ್ಲರ್. ಇನ್ನು ಥಾರ್, ಓಡಿನ್, ಲೋಕಿಯರ ಕಥೆ ನಮಗೆ ಇಷ್ಟು ಚೆನ್ನಾಗಿ ಗೊತ್ತಿರೋದು ಸ್ನೋರಿ ಸ್ಟುರ್ಲುಸನ್ ಎಂಬ ಐಸ್‌ಲ್ಯಾಂಡಿಗನಿಂದ. ಅವನು ಬರೆದದ್ದು 1220ರ ಸುಮಾರಿಗೆ. ಐಸ್‌ಲ್ಯಾಂಡ್ ಕ್ರೈಸ್ತವಾಗಿ ಆಗಲೇ ಎರಡು ಶತಮಾನ ಕಳೆದಿತ್ತು. ಅಷ್ಟೇ ಅಲ್ಲ, 'ಅಮೋನ್ ಅಮಾರ್ಥ್' ಎಂಬ ಹೆಸರು ಕೂಡ ವೈಕಿಂಗರದ್ದಲ್ಲ, ಟೋಲ್ಕಿನ್ ಕಟ್ಟಿದ ಭಾಷೆಯಿಂದ ತಂದದ್ದು.

ಹಾಗಾದ್ರೆ ಎಲ್ಲಾ ಬುರುಡೆನಾ? ಅಷ್ಟು ಬೇಗ ತೀರ್ಪು ಬೇಡ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಎಂಟನೇ ಶತಮಾನದ ಆಸುಪಾಸಿನ ಚಿತ್ರಶಿಲೆಗಳಿವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ದೃಶ್ಯ: ಕುದುರೆಯ ಮೇಲೆ ಒಬ್ಬ ಬರುತ್ತಾನೆ, ಹೆಣ್ಣೊಬ್ಬಳು ಪಾನದ ಕೊಂಬು ಹಿಡಿದು ಎದುರುಗೊಳ್ಳುತ್ತಾಳೆ. ಸತ್ತ ವೀರ ವಲ್ಹಾಲಕ್ಕೆ ಬಂದದ್ದು ಅಂತ ಇದನ್ನು ವಿದ್ವಾಂಸರು ಓದುತ್ತಾರೆ. ಈಗ ನಮ್ಮ ಕಡೆಯ ಯಾವುದಾದರೂ ಊರ ಹೊರಗಿನ ವೀರಗಲ್ಲನ್ನು ನೆನಪಿಸಿಕೊಳ್ಳಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಎರಡೂ ಕಡೆಯಿಂದ ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಒಬ್ಬರನ್ನೊಬ್ಬರು ಕಂಡಿರದ ಎರಡು ನಾಡಿನ ಕಲ್ಲುಕುಟಿಗರು, ಮಗನನ್ನು ಕಳೆದುಕೊಂಡ ಮನೆಯವರಿಗೆ ಹೆಚ್ಚುಕಡಿಮೆ ಒಂದೇ ಸಮಾಧಾನ ಹೇಳಿದ್ದಾರೆ.

ವ್ಯತ್ಯಾಸವೂ ಉಂಟು. ವಲ್ಹಾಲದಲ್ಲಿ ವೀರರು ದಿನವೂ ಕಾದಾಡುತ್ತಾರೆ, ಕೊನೆಯ ಯುದ್ಧಕ್ಕೆ ತಯಾರಾಗುತ್ತಾರೆ. ವೀರಗಲ್ಲಿನ ಮೇಲಿನ ಪಟ್ಟಿಯಲ್ಲಿ ಗದ್ದಲವೇ ಇಲ್ಲ. ಅಲ್ಲಿ ಆತ ಸುಮ್ನೆ ಕೂತಿದ್ದಾನೆ. ಮತ್ತೆ, ಈ ಕಲ್ಲುಗಳಲ್ಲಿ ಎಷ್ಟೋ ರಾಜರ ಯುದ್ಧದವಲ್ಲ. ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನದ್ದು, ಊರು ಸುಡಲು ಬಂದವರನ್ನು ತಡೆದು ಸತ್ತವನದ್ದು. ಶಾಸನಗಳ ಭಾಷೆಯಲ್ಲಿ ತುರುಗೊಳ್, ಊರಳಿವು. ಸಾಮ್ರಾಜ್ಯದ ಚರಿತ್ರೆಯಲ್ಲಿ ಇವರ ಹೆಸರಿಲ್ಲ, ಊರ ನೆನಪಿನಲ್ಲಿ ಇತ್ತು.

ಈಗ ಮೊದಲನೆಯವನ ದೂರು, "ಎಲ್ಲಾ ಒಂದೇ ಥರ" ಅನ್ನೋದು. ಇದಕ್ಕೆ ಉತ್ತರ ಪುರವಂತರಲ್ಲಿದೆ. ವೀರಭದ್ರನ ಜಾತ್ರೆಯಲ್ಲಿ ಕೈಯಲ್ಲಿ ಕತ್ತಿ ಹಿಡಿದು, ಎದೆಗೆ ವೀರಭದ್ರನ ಹಲಗೆ ಕಟ್ಟಿ, ಸಂಬಾಳದ ಬಡಿತಕ್ಕೆ ಸರಿಯಾಗಿ ಅವರು ಒಡಪು ಹೇಳುತ್ತಾರೆ. ಅದು ಹಾಡಲ್ಲ, ಮಾತೂ ಅಲ್ಲ, ಗರ್ಜನೆ. ಕಥೆ ಎಲ್ಲರಿಗೂ ಗೊತ್ತಿರೋದೇ: ದಕ್ಷನ ಯಜ್ಞ, ಶಿವನ ಕೋಪ, ಜಡೆಯಿಂದ ಹುಟ್ಟಿದ ವೀರಭದ್ರ, ಹಾರಿದ ತಲೆ. ಪ್ರತಿ ವರ್ಷ ಅದೇ ಕಥೆ. "ಹೋದ ವರ್ಷಾನೂ ದಕ್ಷನ ತಲೇನೇ ಹಾರಿಸಿದ್ರಲ್ಲ" ಅಂತ ಯಾರೂ ಗೊಣಗೋದಿಲ್ಲ. ಕೇಳುವವರು ತೂಗಿ ನೋಡುವುದು ಉಸಿರನ್ನು, ದನಿಯ ಏರನ್ನು, ಒಡಪು ಮುಗಿದ ಕ್ಷಣಕ್ಕೆ ಬಡಿತ ಸರಿಯಾಗಿ ಬಂದು ಬೀಳುತ್ತದೋ ಇಲ್ಲವೋ ಅನ್ನೋದನ್ನು. ಯೋಹಾನ್ ಹೆಗ್‌ನ ಗಂಟಲನ್ನು ಮೆಚ್ಚುವವರ ಲೆಕ್ಕವೂ ಅದೇ. ಅಮೋನ್ ಅಮಾರ್ಥ್ ಕಾರ್ಯಕ್ರಮಗಳಲ್ಲಿ ಜನ ನೆಲದ ಮೇಲೆ ಸಾಲಾಗಿ ಕೂತು ಹುಟ್ಟು ಹಾಕುವ ಹಾಗೆ ಹಿಂದೆ ಮುಂದೆ ತೂಗುತ್ತಾರಲ್ಲ, ಅವರು ಹೊಸ ಕಥೆ ಕೇಳೋಕೆ ಬಂದವರಲ್ಲ. ಗೊತ್ತಿರುವ ಕಥೆಯೊಳಗೆ ಕೂರೋಕೆ ಬಂದವರು.

"ಒಂದು ಪದಾನೂ ಅರ್ಥ ಆಗಲ್ಲ" ಅನ್ನುವವರಿಗೆ ಹಡಗಲಿ ತಾಲ್ಲೂಕಿನ ಮೈಲಾರವನ್ನು ತೋರಿಸಬೇಕು. ಭರತ ಹುಣ್ಣಿಮೆ ಸಮಯದ ಜಾತ್ರೆಯಲ್ಲಿ ಗೊರವಪ್ಪ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂತ ಕೂಗುತ್ತಾನೆ. ಲಕ್ಷಗಟ್ಟಲೆ ಜನ ಒಮ್ಮೆಗೇ ಮೌನ. ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ. ಅದೇ ಕಾರಣಿಕ. ಆಮೇಲೆ ನಿಜವಾದ ಕೆಲಸ ಶುರುವಾಗೋದು ಕೇಳಿದವರದ್ದು. ಆ ಸಾಲು ಮಳೆಯ ಬಗ್ಗೆಯೋ, ಜೋಳದ ಬೆಲೆಯ ಬಗ್ಗೆಯೋ, ಬೆಂಗಳೂರಿನ ಕುರ್ಚಿಯ ಬಗ್ಗೆಯೋ? ಬಸ್ಸಿನಲ್ಲಿ, ಹೊಲದಲ್ಲಿ, ಪೇಪರಿನಲ್ಲಿ ವಾರಗಟ್ಟಲೆ ಚರ್ಚೆ. ನುಡಿದವನು ವಿವರಣೆ ಕೊಡೋದಿಲ್ಲ. ಅರ್ಥ ಕಟ್ಟುವ ಹೊಣೆ ಪೂರ್ತಿ ಕೇಳುಗರದ್ದು.

ಆ ಹೊಣೆ ಎಷ್ಟು ದೊಡ್ಡದು ಅನ್ನೋದಕ್ಕೆ ಕುಮಾರರಾಮನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹೊಸಪೇಟೆ ದಾಟಿದರೆ ಸಿಗುವ ಕಂಪ್ಲಿ, ಗಂಗಾವತಿ ಕಡೆಯ ಕುಮ್ಮಟದುರ್ಗ, ಸಂಡೂರಿನ ಗುಡ್ಡಗಳ ಹೊಸಮಲೆದುರ್ಗ ಇವನ ನೆಲ. ತಂದೆ ಕಂಪಿಲರಾಯ. ಹಾಡು ಮತ್ತು ಕಾವ್ಯ ಹೇಳುವ ಪ್ರಕಾರ ಮಲತಾಯಿ ರತ್ನಾಜಿ ಇವನನ್ನು ಬಯಸುತ್ತಾಳೆ, ಇವನು ಒಲ್ಲೆ ಎನ್ನುತ್ತಾನೆ, ಅವಳ ಚಾಡಿಗೆ ತಂದೆ ಮರಣದಂಡನೆ ಕೊಡುತ್ತಾನೆ, ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸುತ್ತಾನೆ. ದಿಲ್ಲಿಯ ದಂಡು ಬಂದಾಗ ಹೊರಬಂದು ಕಾದಾಡಿ ಮಡಿಯುತ್ತಾನೆ. ದಂಡಿನ ಮುಂದೆ ನಿಂತು ಬಂದವಳು ಮಾತಂಗಿ, ಒಬ್ಬ ಹೆಣ್ಣು. ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಬರೆದದ್ದು ಹದಿನಾರನೇ ಶತಮಾನದಲ್ಲಿ, ಘಟನೆ ನಡೆದು ಸುಮಾರು ಎರಡು ಶತಮಾನದ ಮೇಲೆ. ಸ್ನೋರಿಗೂ ಅವನ ಹಳೇ ದೇವರುಗಳಿಗೂ ನಡುವೆ ಇದ್ದಷ್ಟೇ ದೂರ. ಮಲೆನಾಡಿನ ಕೆಲವು ಊರುಗಳಲ್ಲಿ ರಾಮನ ಮರದ ತಲೆಗೆ ಇಂದಿಗೂ ಪೂಜೆ ಇದೆ. 2006ರಲ್ಲಿ ಶಿವರಾಜ್‌ಕುಮಾರ್ ಅಭಿನಯದ 'ಗಂಡುಗಲಿ ಕುಮಾರರಾಮ' ಸಿನಿಮಾ ಕೂಡ ಬಂತು.

ಇದೇ ಯುದ್ಧದ ಬಗ್ಗೆ ಇನ್ನೊಂದು ಬರಹ ಇದೆ. ಮೊರೊಕ್ಕೊದ ಇಬ್ನ್ ಬತೂತ ದಿಲ್ಲಿಗೆ ಬಂದದ್ದು 1334ರ ಹೊತ್ತಿಗೆ, ಕಂಪಿಲಿ ಬಿದ್ದು ಏಳೆಂಟು ವರ್ಷವಷ್ಟೇ ಆಗಿತ್ತು. ಅವನ ಪ್ರಕಾರ ನಡೆದದ್ದು ಇಷ್ಟು. ಮುಹಮ್ಮದ್ ಬಿನ್ ತುಘಲಕ್‌ನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದಂಗೆಯೆದ್ದು ಸೋತು, ಓಡಿಬಂದು ಕಂಪಿಲರಾಯನ ಆಶ್ರಯ ಕೇಳಿದ. ರಾಯ ಕೊಟ್ಟ. ದಿಲ್ಲಿಯ ದಂಡು ಮುತ್ತಿತು. ಕಾಳು ಮುಗಿಯುತ್ತಾ ಬಂದಾಗ ರಾಯ ಅತಿಥಿಯನ್ನು ಇನ್ನೊಬ್ಬ ದೊರೆಯ ಬಳಿಗೆ ದಾಟಿಸಿದ. ಆಮೇಲೆ ಬೆಂಕಿ ಹಾಕಿಸಿದ. ಅರಮನೆಯ ಹೆಂಗಸರು ಅದರೊಳಗೆ ಹೋದರು, ಅವನು ಬಾಗಿಲು ತೆಗೆದು ಹೊರಬಂದು ಕಾದಾಡಿ ಸತ್ತ. ಅವನ ಹನ್ನೊಂದು ಗಂಡುಮಕ್ಕಳು ಜೀವಂತ ಸೆರೆಸಿಕ್ಕರು. ಸುಲ್ತಾನ ಅವರನ್ನು ಇಸ್ಲಾಮಿಗೆ ಸೇರಿಸಿ ಅಮೀರರನ್ನಾಗಿ ಮಾಡಿದ.

ಹನ್ನೊಂದು ಜನ! ನಮ್ಮ ಹಾಡಿನಲ್ಲಿ ಇವರಿಲ್ಲ. ಕುಮಾರರಾಮ ಯುದ್ಧದಲ್ಲಿ ಸತ್ತ ಮಗನೇ ಇರಬಹುದು. ಎರಡೂ ಕಥೆ ಒಟ್ಟಿಗೆ ನಿಜವಾಗಿರೋಕೆ ಅಡ್ಡಿಯೇನಿಲ್ಲ. ಆದರೆ ಕೇಳುಗರು ಆರಿಸಿಕೊಂಡದ್ದು ಸತ್ತವನನ್ನು. ಹೆಸರು ಬದಲಿಸಿಕೊಂಡು, ಗೆದ್ದವನ ಆಸ್ಥಾನದಲ್ಲಿ ಕೆಲಸ ಮಾಡಿ ಬದುಕಿದ ಮಕ್ಕಳು ಕೇಳುಗರಿಗೆ ಬೇಡವಾದರು. ಉತ್ತ ವೈಕಿಂಗರನ್ನು ಆಲ್ಬಮ್ಮಿನ ಮುಖಪುಟ ಬಿಟ್ಟಿತಲ್ಲ, ಹಾಗೆ.

ಇದು ಬರೀ ರಂಜನೆಯ ಆಯ್ಕೆ ಅಂತ ಬಿಡೋಕಾಗಲ್ಲ. ಹಿಮ್ಲರ್‌ನ ಎಸ್‌ಎಸ್ ಪಡೆ ತನ್ನ ಕಾಲರಿಗೆ ಹೊಲಿಸಿಕೊಂಡದ್ದು ಹಳೆಯ ಉತ್ತರದ ರೂನ್ ಲಿಪಿಯ ಆಕಾರವನ್ನು. 1992ರಲ್ಲಿ ನಾರ್ವೆಯ ಫಾಂಟಾಫ್ಟ್‌ನ ಹಳೆಯ ಮರದ ಇಗರ್ಜಿ ಸುಟ್ಟಿತು. ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ಅಂಥ ಬೆಂಕಿಗಳಿಗೆ ಪೂರ್ವಜರ ಹೆಸರು ಹೇಳಿದರು. ಕಥೆಯಲ್ಲಿ ಕೊಡಲಿ ಮಾತ್ರ ಉಳಿಸಿ, ತಕ್ಕಡಿಯನ್ನೂ ನೇಗಿಲನ್ನೂ ಬಿಟ್ಟರೆ ಅದು ಇಂಥವರ ಕೈಗೆ ಸಲೀಸಾಗಿ ಒದಗುತ್ತೆ. ಕುಮಾರರಾಮನನ್ನು ಕೂಡ ದಿಲ್ಲಿಯ ತುರುಕರ ವಿರುದ್ಧ ನಿಂತ ಹಿಂದೂ ವೀರ ಅಂತಷ್ಟೇ ವೇದಿಕೆ ಮೇಲೆ ಹೇಳಿ ಮುಗಿಸೋದು ಸುಲಭ. ಆದರೆ ಆ ಯುದ್ಧ ಯಾಕೆ ಆಯ್ತು? ಮನೆಬಾಗಿಲಿಗೆ ಬಂದ ಒಬ್ಬ ಮುಸ್ಲಿಮನನ್ನು ಒಪ್ಪಿಸಲ್ಲ ಅಂದದ್ದಕ್ಕೆ. ಕನ್ನಡದ ಕಾವ್ಯವೂ ಇದನ್ನು ಮುಚ್ಚಿಡೋದಿಲ್ಲ. ದಿಲ್ಲಿಯಿಂದ ಓಡಿಬಂದ ಬಹಾದ್ದೂರನಿಗೆ ಕೊಟ್ಟ ಆಶ್ರಯ ಅಲ್ಲೂ ಇದೆ. ಮರೆತವರು ಇತ್ತೀಚಿನ ಕೇಳುಗರು.

ಹಾಗಂತ ಆಲ್ಬಮ್ ಕೇಳೋದು ಬಿಡಬೇಕಾಗಿಲ್ಲ. ಹೆಡ್‌ಫೋನ್ ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹುಟ್ಟು ಹಾಕುವ ಸುಖವನ್ನು ಯಾರೂ ಕಿತ್ತುಕೊಳ್ಳಬೇಕಿಲ್ಲ. ಪುರವಂತರ ಒಡಪಿಗೆ ಮೈ ಜುಮ್ಮೆನ್ನುವವರು ಯಾರೂ ಮನೆಗೆ ಹೋಗಿ ಮಾವನ ತಲೆ ಹಾರಿಸೋದಿಲ್ಲ. ಹಾಡು ಮುಗಿದ ಮೇಲೆ, ಇದರಲ್ಲಿ ಯಾರು ಕಾಣ್ತಿಲ್ಲ ಅಂತ ಒಮ್ಮೆ ಕೇಳಿಕೊಂಡರೆ ಸಾಕು. ಟಾರ್ಕ್ಸೀಯಲ್ಲಿ ನೂಲು ತೆಗೆದವರು ಆಗ ಕಾಣುತ್ತಾರೆ.

ಕಂಪಿಲರಾಯನ ಆ ಹನ್ನೊಂದು ಮಕ್ಕಳಲ್ಲಿ ಮೂವರನ್ನು ಇಬ್ನ್ ಬತೂತ ದಿಲ್ಲಿಯಲ್ಲಿ ಸ್ವತಃ ಕಂಡಿದ್ದ. ಇಬ್ಬರ ಹೆಸರು ನಸ್ರ್ ಮತ್ತು ಬಖ್ತಿಯಾರ್. ಮೂರನೆಯವನನ್ನು ಅಬೂ ಮುಸ್ಲಿಂ ಎಂದು ಕರೆಯುತ್ತಿದ್ದರು. ಸುಲ್ತಾನ ಕುಡಿಯುವ ನೀರಿನ ಪಾತ್ರೆಗಳಿಗೆ ಮೊಹರು ಹಾಕುವುದು ಅವನ ಕೆಲಸ. ಅವನೂ ತಾನೂ ಗೆಳೆಯರಾದೆವು ಎಂದು ಇಬ್ನ್ ಬತೂತ ಬರೆದಿದ್ದಾನೆ. ತುಂಗಭದ್ರೆಯ ನೀರು ಕುಡಿದು ಬೆಳೆದ ಹುಡುಗ, ತನ್ನ ತಂದೆಯನ್ನು ಕೊಲ್ಲಿಸಿದ ದೊರೆಯ ಕುಡಿಯುವ ನೀರನ್ನು ದಿನಾ ಕಾಯುತ್ತಿದ್ದ. ಅವನ ಮೇಲೆ ಒಂದು ಹಾಡನ್ನೂ ಯಾರೂ ಕಟ್ಟಿದ ಹಾಗಿಲ್ಲ.