ಬ್ರೂಸ್ಟರ್: ಒಂದು ಪದ, ಕೈತಪ್ಪಿದ ಒಂದು ಕಸುಬು

ಬಿಯರ್ ತಯಾರಿಸುವವನನ್ನು ಇಂಗ್ಲಿಷಿನಲ್ಲಿ ‘ಬ್ರೂವರ್’ ಎನ್ನಲಾಗುತ್ತದೆ. ಇದೇ ಕಸುಬಿಗೆ ಸೇರಿದ, ಈಗ ಅಪರೂಪವಾಗಿರುವ ಮತ್ತೊಂದು ಪದ ‘ಬ್ರೂಸ್ಟರ್’. ಬಿಯರ್ ತಯಾರಿಸುವ ಹೆಂಗಸು ಎಂಬುದು ಇದರ ಮೂಲಾರ್ಥ.

ವ್ಯುತ್ಪತ್ತಿ: ‘ಬ್ರೂ’ ಎಂಬ ಕ್ರಿಯಾಪದ ಹಳೆಯ ಇಂಗ್ಲಿಷಿನಿಂದ ಬಂದುದು, ಜರ್ಮನ್, ಡಚ್ ಭಾಷೆಗಳಲ್ಲೂ ಇದರ ಸೋದರ ರೂಪಗಳಿವೆ. ‘ಸ್ಟರ್’ ಎಂಬುದು ಹಳೆಯ ಸ್ತ್ರೀಲಿಂಗ ಪ್ರತ್ಯಯ. ಕನ್ನಡದ ‘ಹಾಡುಗಾರ್ತಿ’ಯಲ್ಲಿರುವ ‘ಗಾರ್ತಿ’ಯಂತೆ. ವೆಬ್‌ಸ್ಟರ್ (ನೇಯುವವಳು), ಬ್ಯಾಕ್ಸ್‌ಟರ್ (ರೊಟ್ಟಿ ಸುಡುವವಳು), ಸ್ಪಿನ್‌ಸ್ಟರ್ (ನೂಲುವವಳು) ಇದೇ ಬಗೆಯ ಪದಗಳು.

ಹಿನ್ನೆಲೆ: ಮಧ್ಯಯುಗದ ಇಂಗ್ಲೆಂಡಿನಲ್ಲಿ ಮೊಳಕೆ ಕಟ್ಟಿದ ಧಾನ್ಯದಿಂದ ತಯಾರಾಗುತ್ತಿದ್ದ ‘ಏಲ್’ ನಿತ್ಯದ ಪಾನೀಯವಾಗಿತ್ತು. ಅದು ಕೆಲವೇ ದಿನಗಳಲ್ಲಿ ಕೆಡುತ್ತಿದ್ದುದರಿಂದ ಗೃಹಿಣಿಯರು ಆಗಾಗ ಮನೆಯಲ್ಲೇ ತಯಾರಿಸಿ, ಮಿಕ್ಕಿದ್ದನ್ನು ನೆರೆಹೊರೆಗೆ ಮಾರುತ್ತಿದ್ದರು. ಏಲ್‌ನ ಬೆಲೆ ಹಾಗೂ ಗುಣಮಟ್ಟಕ್ಕೆ 13ನೇ ಶತಮಾನದಲ್ಲೇ ಕಾನೂನಿತ್ತು. ಅದರನ್ವಯ ದಂಡ ತೆತ್ತ ಅನೇಕ ಮಹಿಳೆಯರ ಹೆಸರುಗಳು ಅಂದಿನ ನ್ಯಾಯಾಲಯ ದಾಖಲೆಗಳಲ್ಲಿ ಉಳಿದಿವೆ.

1348-49ರ ಪ್ಲೇಗ್ ಮಾರಿಯ ನಂತರ ಏಲ್‌ಗೆ ಬೇಡಿಕೆ ಹೆಚ್ಚಿತು. 15ನೇ ಶತಮಾನದಲ್ಲಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಬೆರೆಸಿದ ಬಿಯರ್ ಹಾಲೆಂಡ್ ಕಡೆಯಿಂದ ಬಂದು ನೆಲೆಯೂರಿತು. ಹಾಪ್ಸ್‌ನಿಂದಾಗಿ ಬಿಯರ್ ಬೇಗ ಕೆಡುತ್ತಿರಲಿಲ್ಲ, ದೂರದೂರಿಗೆ ಸಾಗಿಸಲೂಬಹುದಿತ್ತು. ಕಸುಬು ದೊಡ್ಡ ಉದ್ಯಮವಾಗಿ ಬೆಳೆಯಿತು. ಬಂಡವಾಳ, ಸಾಲ, ಒಪ್ಪಂದಗಳು ಅನಿವಾರ್ಯವಾದವು. ಇವುಗಳಲ್ಲಿ ಮಹಿಳೆಗೆ, ಅದರಲ್ಲೂ ವಿವಾಹಿತೆಗೆ, ಸ್ವತಂತ್ರ ಹಕ್ಕು ತೀರಾ ಕಡಿಮೆಯಿತ್ತು. 1600ರ ವೇಳೆಗೆ ಉದ್ಯಮ ಬಹುತೇಕ ಪುರುಷರ ಕೈಸೇರಿತ್ತು. ಇತಿಹಾಸಕಾರ್ತಿ ಜುಡಿತ್ ಬೆನೆಟ್ 1996ರ ತಮ್ಮ ಗ್ರಂಥದಲ್ಲಿ ಈ ಪಲ್ಲಟವನ್ನು ವಿವರಿಸಿದ್ದಾರೆ.

ಅರ್ಥಾಂತರ: ‘ಸ್ಟರ್’ ಪ್ರತ್ಯಯವೂ ಕ್ರಮೇಣ ತನ್ನ ಲಿಂಗಸೂಚನೆ ಕಳೆದುಕೊಂಡು ಗಂಡಸರಿಗೂ ಅನ್ವಯವಾಯಿತು. ಹೊಲಿಯುವವಳನ್ನು ಸೂಚಿಸಲು ‘ಎಸ್’ ಎಂಬ ಇನ್ನೊಂದು ಸ್ತ್ರೀಪ್ರತ್ಯಯ ಸೇರಿಸಿ ‘ಸೀಮ್‌ಸ್ಟ್ರೆಸ್’ ಎನ್ನಬೇಕಾಯಿತು. ಬ್ರೂಸ್ಟರ್ ಕುಲನಾಮವಾಗಿ ಉಳಿಯಿತು. ಕೆಲೈಡೋಸ್ಕೋಪ್ ಕಂಡುಹಿಡಿದ ಸ್ಕಾಟ್ಲೆಂಡಿನ ವಿಜ್ಞಾನಿ ಸರ್ ಡೇವಿಡ್ ಬ್ರೂಸ್ಟರ್ (1781-1868) ಇದಕ್ಕೆ ಪ್ರಸಿದ್ಧ ನಿದರ್ಶನ. ‘ಸ್ಪಿನ್‌ಸ್ಟರ್’ ಅವಿವಾಹಿತೆ ಎಂಬ ಅರ್ಥ ಪಡೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿವಾಹ ನೋಂದಣಿಯಿಂದ 2005ರಲ್ಲಿ ಅದನ್ನು ಕೈಬಿಡಲಾಯಿತು.

ಮದ್ಯ ಮಾರಾಟದ ಪರವಾನಗಿಗಾಗಿ ಇಂಗ್ಲೆಂಡಿನ ಮ್ಯಾಜಿಸ್ಟ್ರೇಟರು ವರ್ಷಕ್ಕೊಮ್ಮೆ ನಡೆಸುತ್ತಿದ್ದ ಕಲಾಪಕ್ಕೂ ‘ಬ್ರೂಸ್ಟರ್ ಸೆಷನ್ಸ್’ ಎಂದೇ ಹೆಸರಿತ್ತು. 2003ರ ಕಾಯಿದೆಯಂತೆ ಆ ಅಧಿಕಾರ 2005ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಈಚಿನ ದಶಕಗಳಲ್ಲಿ ಕೆಲವು ಮಹಿಳಾ ತಯಾರಕರು ತಮ್ಮನ್ನು ಬ್ರೂಸ್ಟರ್ ಎಂದು ಕರೆದುಕೊಂಡು, ಪದಕ್ಕೆ ಮೂಲಾರ್ಥವನ್ನು ಮರಳಿ ತಂದಿದ್ದಾರೆ.