ಹೆಮ್ಮಿಗೆಯ ಅಣೆ, ತಲಕಾಡಿನ ಮರಳು

ಹೆಮ್ಮಿಗೆಯ ಬಳಿ ಕಾವೇರಿಯನ್ನು ತಡೆದು ಗದ್ದೆಗಳತ್ತ ತಿರುಗಿಸಿದ ಅಣೆಕಟ್ಟಿಗೆ ಇಂದಿಗೂ ವಿಜಯನಗರ ಕಾಲದ ಮಾಧವಮಂತ್ರಿಯ ಹೆಸರೇ ಇದೆ. ಆ ನೀರುಂಡು ಬೆಳೆಯುವ ಭತ್ತದ ಸೀಮೆಯಲ್ಲೇ, ಮರಳು ದಿಬ್ಬಗಳ ನಡುವೆ, ತಲಕಾಡೆಂಬ ಹಳೆಯ ರಾಜಧಾನಿ ಅರ್ಧ ಹೂತು ಅರ್ಧ ಎದ್ದು ನಿಂತಿದೆ.

ಕೋಲಾರದಿಂದ ಬಂದ ಗಂಗರು ಇಲ್ಲಿ ನೆಲೆನಿಂತು ಶತಮಾನಗಳ ಕಾಲ ಆಳಿದರು. 1004ರ ಸುಮಾರಿಗೆ ಚೋಳರು ಊರನ್ನು ಗೆದ್ದು ರಾಜರಾಜಪುರವೆಂದು ಕರೆದರು. ನೂರಕ್ಕೂ ಹೆಚ್ಚು ವರ್ಷ ಆ ಹೆಸರೇ ನಡೆಯಿತು. 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ದಂಡೆತ್ತಿ ಬಂದ. ಚೋಳರ ಪರವಾಗಿ ಊರು ಕಾಯುತ್ತಿದ್ದ ಅದಿಯಮ ಸೋತ. ದೊರೆ ‘ತಲಕಾಡುಗೊಂಡ’ ಎಂಬ ಬಿರುದು ಧರಿಸಿ, ಗೆಲುವಿನ ಗುರುತಾಗಿ ಕೀರ್ತಿನಾರಾಯಣ ದೇಗುಲ ಕಟ್ಟಿಸಿದ. ಜೈನನಾದ ಗಂಗರಾಜನೋ ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ; ತನಗೆ ದೊರೆತ ಊರನ್ನೂ ಬಸದಿಗೆ ಬಿಟ್ಟುಕೊಟ್ಟ. ಕತ್ತಿ ಹಿಡಿದ ಕೈಯ ಈ ದಾನ ನನಗೆ ಆ ಬಿರುದಿಗಿಂತ ದೊಡ್ಡದು.

ಆದರೂ ಜನರ ಬಾಯಲ್ಲಿ ಉಳಿದದ್ದು ಅಲಮೇಲಮ್ಮ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ಕೈಸೇರಿತು. ವಿಜಯನಗರದ ಪ್ರತಿನಿಧಿ ತಿರುಮಲರಾಜ ತಲಕಾಡಿಗೆ ಬಂದು ತೀರಿಕೊಂಡ. ದೇವಿ ರಂಗನಾಯಕಿಯ ಒಡವೆಗಳಿಗಾಗಿ ಅರಮನೆಯ ಆಳುಗಳು ಬೆನ್ನಟ್ಟಿದಾಗ ಅವನ ಮಡದಿ ಅಲಮೇಲಮ್ಮ ತಲಕಾಡು ಮರಳಾಗಲಿ ಎಂದು ಶಾಪವಿಟ್ಟು ಮಾಲಂಗಿಯ ಮಡುವಿಗೆ ಹಾರಿದಳೆಂದು ಕಥೆ. ಗಂಡನನ್ನೂ ನೆಲೆಯನ್ನೂ ಕಳೆದುಕೊಂಡ ಹೆಣ್ಣಿನ ಸಂಕಟ ಆ ಮಾತಿನಲ್ಲಿದೆ. ಅದನ್ನು ಬರೀ ಮೂಢನಂಬಿಕೆಯೆಂದು ತಳ್ಳಲು ನನಗೆ ಮನಸ್ಸಿಲ್ಲ.

ಮರಳಿಗೆ ವಿದ್ವಾಂಸರು ಬೇರೊಂದು ಕಾರಣ ಹೇಳುತ್ತಾರೆ. ಅಣೆ ಕಟ್ಟಿದ ಮೇಲೆ ಹೊಳೆಯ ಹರಿವು ತಗ್ಗಿತು, ತಿರುವಿನಲ್ಲಿ ಮರಳು ಬಯಲಾಯಿತು, ನೈಋತ್ಯದ ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಎಂಬುದು ಅವರ ವಾದ. ಅದು ನಿಜವಾದರೆ, ಸೀಮೆಗೆ ಅನ್ನವಿಟ್ಟ ಕಟ್ಟೆಯೇ ರಾಜಧಾನಿಯನ್ನು ಹೂತಿತು. ಯಾರೂ ಕೇಡೆಣಿಸದೆ ಆದ ಈ ಕೇಡಿಗೆ ಶಾಪಕ್ಕಿಂತ ಹೆಚ್ಚಿನ ಭಾರವಿದೆ.

1990ರ ದಶಕದ ಮೊದಲಲ್ಲಿ ರಾಜ್ಯ ಪುರಾತತ್ವ ಇಲಾಖೆ ಇಲ್ಲಿ ಉತ್ಖನನ ನಡೆಸಿತು. ಪಾತಾಳೇಶ್ವರ, ಮರುಳೇಶ್ವರ ಗುಡಿಗಳಿಗೆ ಇಂದಿಗೂ ಮರಳಿನ ನಡುವೆ ಮೆಟ್ಟಿಲಿಳಿದೇ ಹೋಗಬೇಕು. ಇವೆರಡಕ್ಕೆ ವೈದ್ಯೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಸೇರಿದರೆ ಪಂಚಲಿಂಗ. ವರ್ಷಗಟ್ಟಲೆ ಕಾದು, ಕಾರ್ತಿಕ ಸೋಮವಾರದ ಯೋಗ ಕೂಡಿದಾಗಲೇ ಅದರ ದರ್ಶನ. 2013ರ ಬಳಿಕ ಅದು ಒದಗಿದ್ದು 2020ರ ಡಿಸೆಂಬರಿನಲ್ಲಿ, ಕೊರೊನಾ ಕಾಲದ ಕಟ್ಟುಪಾಡುಗಳ ನಡುವೆ.